28 ಕೋರ್ ತಂದೆ, ಓಡಿದ್ದು 8

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕಕ್ಕೆ ಮರದ ಅಚ್ಚು ಮಾಡುವ ಒಂದು ಪ್ಯಾಟರ್ನ್ ಶಾಪಿನ ಮೇಲೆ ಎರಡು ಕೋಣೆ. ಅದೇ ನಮ್ಮ ಆಫೀಸು. ಕೆಳಗೆ ಮರ ಕೊಯ್ಯುವ ಸದ್ದು, ಮೇಲೆ ಕಂಪ್ಯೂಟರ್ ಫ್ಯಾನಿನ ಸದ್ದು. ಫೌಂಡ್ರಿಗಳಿಗೆ ಮೆಥಡಿಂಗ್ ಮಾಡಿಕೊಡುವುದು ನಮ್ಮ ಕೆಲಸ. ಗಿರಾಕಿ ಡ್ರಾಯಿಂಗ್ ಕಳಿಸುತ್ತಾರೆ. ನಾವು ಅದನ್ನು ಕ್ಯಾಡ್‌ನಲ್ಲಿ ಮಾಡೆಲ್ ಮಾಡುತ್ತೇವೆ. ಕಾದ ಲೋಹ ಯಾವ ಕಡೆಯಿಂದ ಒಳಗೆ ಬರಬೇಕು, ರೈಸರ್ (ಎರಕ ಕುಗ್ಗುವಾಗ ಲೋಹ ತುಂಬಿಕೊಡುವ ಹೆಚ್ಚಿನ ದಿಮ್ಮಿ) ಎಲ್ಲಿ ಕೂರಬೇಕು, ಯಾವ ದಪ್ಪ ಭಾಗ ಕೊನೆಗೆ ಗಟ್ಟಿಯಾಗಿ ಶ್ರಿಂಕೇಜ್, ಅಂದರೆ ಕುಗ್ಗಿದ ಪೊಳ್ಳು, ಬೀಳುತ್ತದೆ, ಇದನ್ನೆಲ್ಲ ಕಂಪ್ಯೂಟರಿನಲ್ಲೇ ಎರಕ ಹೊಯ್ದು ನೋಡುತ್ತೇವೆ. ನಾನು, ಒಬ್ಬ ಪಾರ್ಟ್ನರ್, ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ. ಇಷ್ಟೇ ಜನ.

ಈ ಕೆಲಸದಲ್ಲಿ ಕಾಯುವುದೇ ಜಾಸ್ತಿ. ಸಂಜೆ ಮಾಡೆಲ್ ಮುಗಿಸಿ, ಮೆಶ್ ಹಾಕಿ (ಅಂದರೆ ಮಾಡೆಲನ್ನು ಸಣ್ಣ ಸಣ್ಣ ಘನಗಳಾಗಿ ಒಡೆದು), ರಾತ್ರಿ 9ಕ್ಕೆ ಸಿಮ್ಯುಲೇಷನ್ ಬಿಟ್ಟು ಮನೆಗೆ ಹೋಗುತ್ತೇವೆ. ಬೆಳಗ್ಗೆ 8ಕ್ಕೆ ಕೆಳಗಿನ ಪ್ಯಾಟರ್ನ್ ಶಾಪ್ ತೆರೆಯುತ್ತದೆ. ಅಷ್ಟರೊಳಗೆ ರೈಸರ್ ಎಲ್ಲಿ ಎಂದು ಹೇಳಬೇಕು. ಹೇಳದಿದ್ದರೆ ಅವರಿಗೆ ಒಂದು ದಿನ ಹೋಯಿತು, ನಮಗೆ ಬೈಗುಳ ಬಂತು.

ಸರ್ವರ್ ಪ್ರೊಸೆಸರ್ ಬೇಕಾ, ಡೆಸ್ಕ್‌ಟಾಪ್ ಪ್ರೊಸೆಸರ್ ಸಾಕಾ ಎಂದು ನಾನು ಎರಡು ಸಲ ತಲೆ ಕೆಡಿಸಿಕೊಂಡಿದ್ದೇನೆ. ಮೊದಲ ಸಲ 2021ರಲ್ಲಿ. ಆಗ ತಲೆ ಕೆಡಿಸಿಕೊಂಡೆ ಅನ್ನುವುದೂ ಸುಳ್ಳೇ. ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ಎಷ್ಟಿವೆ ಎಂದು ನೋಡಿದೆ, ರೇಟು ನೋಡಿದೆ, ಮರುಳಾದೆ.

ಬೆಂಗಳೂರಿನ ಎಸ್‌ಪಿ ರೋಡ್ ಕಡೆಯಿಂದ ಒಂದು ಹಳೇ ವರ್ಕ್‌ಸ್ಟೇಷನ್ ಸಿಕ್ಕಿತು. ಯಾವುದೋ ದೊಡ್ಡ ಆಫೀಸು ಹೊಸದು ಬಂತೆಂದು ಬಿಟ್ಟುಕೊಟ್ಟದ್ದು. ಒಳಗೆ ಇಂಟೆಲ್ ಕಂಪನಿಯ ಸರ್ವರ್ ಪ್ರೊಸೆಸರ್ ಜಿಯಾನ್ ಇ5-2680 ವಿ4, ಒಂದಲ್ಲ ಎರಡು. ಒಂದರಲ್ಲಿ 14 ಕೋರ್, ಎರಡೂ ಸೇರಿ 28. ಒಂದೊಂದು ಕೋರ್ ಕೆಲಸದ ಎರಡೆರಡು ಎಳೆ, ಅಂದರೆ ಥ್ರೆಡ್, ಹಿಡಿಯುತ್ತದೆ. ಆ ಲೆಕ್ಕದಲ್ಲಿ 56. ಜೊತೆಗೆ 128 ಜಿಬಿ ಮೆಮೊರಿ. ಎಲ್ಲ ಸೇರಿ 85 ಸಾವಿರ. ಅದೇ ದುಡ್ಡಿಗೆ ಆಗ ಹೊಸ ಡೆಸ್ಕ್‌ಟಾಪ್ ಕಟ್ಟಿಸಿದರೆ 8 ಕೋರ್, 32 ಜಿಬಿ ಬರುತ್ತಿತ್ತು. 28 ಮತ್ತು 8. ಯಾರಾದರೂ ಏನು ಆರಿಸುತ್ತಾರೆ ಹೇಳಿ.

ಬಸ್ ಪಾರ್ಸೆಲ್‌ನಲ್ಲಿ ಬಂದ ಪೆಟ್ಟಿಗೆಯನ್ನು ಮೇಲಕ್ಕೆ ಹತ್ತಿಸಲು ಇಬ್ಬರು ಬೇಕಾದರು. ಅದೇ ಹೊತ್ತಿಗೆ ನಮ್ಮ ಹಳೇ ಗಿರಾಕಿ ಕಾಕಾ ಬಂದಿದ್ದರು. ಮೂವತ್ತು ವರ್ಷದಿಂದ ಪಂಪ್ ಮತ್ತು ವಾಲ್ವ್ ಬಾಡಿ ಎರಕ ಹೊಯ್ಯುವ ಮನುಷ್ಯ. ನಾನು ಹೆಮ್ಮೆಯಿಂದ, "ಕಾಕಾ, ಇದರೊಳಗ 28 ಕೋರ್ ಅದಾವ್ರಿ" ಎಂದೆ. ಅವರು ಪೆಟ್ಟಿಗೆಯನ್ನು ಒಂದು ಸುತ್ತು ನೋಡಿದರು. "ಇಪ್ಪತ್ತೆಂಟ್ ಕೋರಾ? ತಮ್ಮಾ, ನಮ್ಮ ಪಂಪ್ ಬಾಡಿಗೆ ಮೂರ್ ಕೋರ್ ಕೂಡ್ಸೂದ್ರಾಗ ಹುಡುಗ್ರು ಸುಸ್ತ ಆಗ್ತಾರು. ಇಷ್ಟ್ ಯಾರ್ ಕೂಡ್ಸಾವ್ರು?" ಅವರ ಕೋರ್ ಎಂದರೆ ಎರಕದೊಳಗೆ ಪೊಳ್ಳು ಬಿಡಲು ಮೋಲ್ಡಿನೊಳಗೆ ಇಡುವ, ಆಮೇಲೆ ಒಡೆದು ಹೊರಗೆ ತೆಗೆಯುವ ಮರಳಿನ ಕೋರ್. ನಾವು ನಕ್ಕೆವು. ಆಮೇಲೆ ಆದದ್ದು ನೋಡಿದರೆ ಕಾಕಾ ಕೇಳಿದ ಪ್ರಶ್ನೆಯೇ ಸರಿಯಾಗಿತ್ತು.

ಮೊದಲ ರಾತ್ರಿ ಒಂದು ಗೇರ್‌ಬಾಕ್ಸ್ ಹೌಸಿಂಗ್ ಸಿಮ್ಯುಲೇಷನ್ ಬಿಟ್ಟು, ಟಾಸ್ಕ್ ಮ್ಯಾನೇಜರ್ ತೆರೆದು ಕೂತೆ. 56 ಸಣ್ಣ ಚೌಕ. ಅದರಲ್ಲಿ 8 ಮಾತ್ರ ಮೇಲೆ ಹೋಗಿ ನಿಂತಿದ್ದವು. ಉಳಿದವು ಸುಮ್ನೆ ನೆಲ ಹಿಡಿದು ಮಲಗಿದ್ದವು. ಸೆಟ್ಟಿಂಗ್ ತಪ್ಪಿರಬೇಕು ಎಂದು ಒಂದು ಗಂಟೆ ಹುಡುಕಿದೆ. ಕೊನೆಗೆ ಲೈಸೆನ್ಸ್ ಕಾಗದ ತೆಗೆದು ಓದಿದೆ. ನಾವು ಕೊಂಡಿದ್ದು 8 ಕೋರ್‌ನ ಲೈಸೆನ್ಸ್. ಯಂತ್ರದಲ್ಲಿ ಎಷ್ಟೇ ಕೋರ್ ಇರಲಿ, ಸಾಫ್ಟ್‌ವೇರ್ ಎಂಟರ ಮೇಲೆ ಮುಟ್ಟುವುದಿಲ್ಲ. ಎಂಟರಿಂದ ಹದಿನಾರಕ್ಕೆ ಏರಿಸಲು ಕೇಳಿದ ರೇಟು ಯಂತ್ರದ ರೇಟಿಗಿಂತ ಜಾಸ್ತಿ ಇತ್ತು. ಆ ಕಾಗದಕ್ಕೆ ಎರಡು ವರ್ಷದ ಹಿಂದೆ ಸಹಿ ಹಾಕಿದವನು ನಾನೇ. ಯಾರನ್ನು ಬೈಯಲಿ?

ಇಂಥ ಸಾಫ್ಟ್‌ವೇರ್‌ಗಳಲ್ಲಿ ಇದು ಹೊಸ ಸಂಗತಿ ಅಲ್ಲ. ವಿಂಡೋಸ್‌ನಲ್ಲೂ ಇಂಥ ಲೆಕ್ಕ ಇದೆ. ವಿಂಡೋಸ್ ಹೋಮ್ ಒಂದೇ ಪ್ರೊಸೆಸರ್ ಗುರುತಿಸುತ್ತದೆ, ಎರಡು ಪ್ರೊಸೆಸರ್ ಇದ್ದರೆ ಪ್ರೊ ಬೇಕು. ವಿಂಡೋಸ್ ಸರ್ವರ್ ಆದರೆ ಕೋರ್ ಎಣಿಸಿ ಲೈಸೆನ್ಸ್ ತಗೋಬೇಕು, ಒಂದು ಯಂತ್ರಕ್ಕೆ ಕನಿಷ್ಠ 16 ಕೋರ್‌ನದ್ದು. ಪ್ರೊಸೆಸರ್ ಕೊಳ್ಳುವ ಮೊದಲು ಈ ಕಾಗದ ಓದಬೇಕಿತ್ತು. ನಾನು ಕೊಂಡ ಮೇಲೆ ಓದಿದೆ.

ಇನ್ನೊಂದು ಪೆಟ್ಟು ಕ್ಯಾಡ್‌ನಲ್ಲಿ ಬಿತ್ತು. ಸಾಲಿಡ್‌ವರ್ಕ್ಸ್‌ನಲ್ಲಿ ಒಂದು ಭಾಗ ಮಾಡುವಾಗ ಮೊದಲು ದಿಮ್ಮಿ, ಆಮೇಲೆ ಅದರಲ್ಲಿ ತೂತು, ತೂತಿನ ಅಂಚಿಗೆ ರೇಡಿಯಸ್, ಹೀಗೆ ಒಂದರ ಮೇಲೊಂದು ಕಟ್ಟುತ್ತಾ ಹೋಗುತ್ತೇವೆ. ಮೊದಲಿನ ಒಂದು ಅಳತೆ ಬದಲಾಯಿಸಿದರೆ ಅದರ ಮುಂದಿನದೆಲ್ಲ ಮತ್ತೆ ಲೆಕ್ಕ ಆಗಬೇಕು. ಇದಕ್ಕೆ ರೀಬಿಲ್ಡ್ ಎನ್ನುತ್ತಾರೆ. ತೂತು ಆಗದೇ ಅದರ ಅಂಚಿನ ರೇಡಿಯಸ್ ಆಗುವುದಿಲ್ಲ. ಅದಕ್ಕೇ ಈ ಕೆಲಸ ಬಹುಪಾಲು ಒಂದೇ ಕೋರ್ ಮೇಲೆ ನಡೆಯುತ್ತದೆ. ಉಳಿದ 27 ನೋಡುತ್ತಾ ಕೂರುತ್ತವೆ. ಆ ಒಂದು ಕೋರ್ ಎಷ್ಟು ಚುರುಕು ಎಂಬುದರ ಮೇಲೆ ನಮ್ಮ ಹುಡುಗನ ಇಡೀ ದಿನ ನಿಂತಿರುತ್ತದೆ.

ನಮ್ಮ ಜಿಯಾನ್‌ನ ಒಂದು ಕೋರ್ ಹೆಚ್ಚೆಂದರೆ 3.3 ಗಿಗಾಹರ್ಟ್ಸ್ ಓಡುತ್ತದೆ. ಎಲ್ಲ ಕೋರ್‌ಗೂ ಕೆಲಸ ಕೊಟ್ಟರೆ 2.9. ಅದು 2016ರ ಚಿಪ್ ಬೇರೆ. ಪಕ್ಕದಲ್ಲೇ ಇದ್ದ ಹುಡುಗನ ಸಾಧಾರಣ ಡೆಸ್ಕ್‌ಟಾಪ್‌ನಲ್ಲಿ 40 ಸೆಕೆಂಡಿಗೆ ಮುಗಿಯುತ್ತಿದ್ದ ರೀಬಿಲ್ಡ್ ಇದರಲ್ಲಿ ಒಂದು ನಿಮಿಷ ದಾಟುತ್ತಿತ್ತು. ಎರಡು ದಿನ ನೋಡಿದ ಹುಡುಗ, "ಸರ್, ನಾ ನನ್ನ ಹಳೇ ಮಷಿನ್ ಮ್ಯಾಲೇ ಮಾಡ್ತೀನ್ರಿ" ಎಂದು ಎದ್ದು ಹೋದ. ನಾನೂ ಏನೂ ಅನ್ನಲಿಲ್ಲ.

ಸರ್ವರ್ ಚಿಪ್ ಕೆಟ್ಟದ್ದು ಅಂತಲ್ಲ. ಅದನ್ನು ಮಾಡಿದ ಉದ್ದೇಶ ಬೇರೆ. ನೂರಾರು ಜನರ ಕೆಲಸವನ್ನು ಹಗಲೂ ರಾತ್ರಿ, ವರ್ಷಗಟ್ಟಲೆ ಒಂದೇ ಹದದಲ್ಲಿ ಮಾಡಬೇಕು. ಅಷ್ಟು ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ತುಂಬಿ, ಬಿಸಿಯನ್ನು 120 ವ್ಯಾಟ್‌ನೊಳಗೆ ಹಿಡಿಯಬೇಕು ಅಂದರೆ ಒಂದೊಂದರ ಓಟ ಕಡಿಮೆ ಮಾಡಲೇಬೇಕು. ಡೆಸ್ಕ್‌ಟಾಪ್ ಚಿಪ್ ಎದುರಿಗೆ ಕೂತ ಒಬ್ಬ ಮನುಷ್ಯ ಕ್ಲಿಕ್ ಮಾಡಿದ ಕೂಡಲೇ ಉತ್ತರ ಕೊಡಲಿ ಎಂದು ಮಾಡಿದ್ದು. ನಾವು ಎತ್ತಿನ ಗಾಡಿಗೆ ಶರ್ಯತ್ತಿನ ಎತ್ತು ಬೇಕೋ, ಹೇರು ಎಳೆಯುವ ಎತ್ತು ಬೇಕೋ ಎಂದು ಕೇಳದೇ ಜೋಡಿ ತಂದಿದ್ದೆವು.

ಎರಡು ಪ್ರೊಸೆಸರ್ ಇದ್ದದ್ದರಿಂದ ಇನ್ನೊಂದು ತಲೆನೋವು. ಇದು ನನಗೆ ಆರು ತಿಂಗಳಾದ ಮೇಲೆ ತಿಳಿಯಿತು. ಎರಡಕ್ಕೂ ಬೇರೆ ಬೇರೆ ಮೆಮೊರಿ ಇರುತ್ತದೆ. ಒಂದರ ಮಗ್ಗುಲಲ್ಲಿ 64 ಜಿಬಿ, ಇನ್ನೊಂದರ ಮಗ್ಗುಲಲ್ಲಿ 64. ಈ ಕಡೆಯ ಕೋರ್‌ಗೆ ಆ ಕಡೆಯ ಮೆಮೊರಿಯಲ್ಲಿರುವ ಅಂಕಿ ಬೇಕಾದರೆ ನಡುವಿನ ದಾರಿ ದಾಟಿ ಹೋಗಿ ತರಬೇಕು. ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಹಾಕಿದಾಗ ಆ ಕಡೆಯ ಗೋದಾಮಿಗೆ ಹೋದ ಹುಡುಗ ಬರುವುದು ತಡವಾದ ಹಾಗೆ. ನಮ್ಮ 8 ಥ್ರೆಡ್‌ಗಳು ನಾಲ್ಕು ಇಲ್ಲಿ, ನಾಲ್ಕು ಅಲ್ಲಿ ಎಂದು ಹರಡಿಕೊಂಡಿದ್ದವು. ಅವೆಲ್ಲವನ್ನೂ ಒಂದೇ ಪ್ರೊಸೆಸರ್‌ಗೆ ಕಟ್ಟಿಹಾಕಿ ಓಡಿಸಿದೆ. ಹತ್ತೂವರೆ ಗಂಟೆ ಹಿಡಿಯುತ್ತಿದ್ದ ಗೇರ್‌ಬಾಕ್ಸ್ ಫೈಲ್ 9 ಗಂಟೆ ಚಿಲ್ಲರೆಗೆ ಇಳಿಯಿತು. ಅಂದರೆ ಎರಡನೇ ಪ್ರೊಸೆಸರ್ ಅನ್ನು ಸುಮ್ಮನೆ ಕೂರಿಸಿದ ಮೇಲೆ ಕೆಲಸ ಬೇಗ ಆಯಿತು! ಅವತ್ತು ಪಾರ್ಟ್ನರ್ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಮೆಮೊರಿಯದ್ದೂ ಒಂದು ಪ್ರಸಂಗ ಆಯಿತು. ಆ ಯಂತ್ರದಲ್ಲಿ 16 ಜಿಬಿಯ ಎಂಟು ಕಡ್ಡಿ ಇದ್ದವು. ಇಷ್ಟೆಲ್ಲ ಯಾಕೆ ಎಂದು ಎರಡು ಕಿತ್ತು ಹುಡುಗನ ಡೆಸ್ಕ್‌ಟಾಪ್‌ಗೆ ಹಾಕಿದೆ. ಎರಡು ಯಂತ್ರದ ಮೆಮೊರಿಯೂ ಡಿಡಿಆರ್4 ತಲೆಮಾರಿನದೇ, ಕಚ್ಚು ಸರಿಯಾಗಿ ಕೂತಿತು, ಟಕ್ ಎಂದು ಲಾಕೂ ಆಯಿತು. ಸ್ಕ್ರೀನ್ ಮಾತ್ರ ಬರಲಿಲ್ಲ. ಬೋರ್ಡ್ ಸುಟ್ಟಿತು ಎಂದು ಎದೆ ಧಸಕ್ ಎಂದಿತು. ಏನೂ ಸುಟ್ಟಿರಲಿಲ್ಲ. ಸರ್ವರ್ ಮೆಮೊರಿ ಬಹುಪಾಲು ರಿಜಿಸ್ಟರ್ಡ್, ಆರ್‌ಡಿಮ್ ಎನ್ನುತ್ತಾರೆ. ಚಿಪ್‌ಗಳಿಗೂ ಪ್ರೊಸೆಸರ್‌ಗೂ ನಡುವೆ ಒಂದು ರಿಜಿಸ್ಟರ್ ಚಿಪ್ ಇರುತ್ತದೆ. ಒಂದೇ ಬೋರ್ಡ್‌ಗೆ ರಾಶಿ ಮೆಮೊರಿ ಹಾಕಲು ಅದು ಬೇಕು. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಅದರ ಭಾಷೆ ತಿಳಿಯುವುದಿಲ್ಲ. ಡಿಡಿಆರ್5ರಲ್ಲಿ ಕಚ್ಚಿನ ಜಾಗವನ್ನೇ ಬದಲಾಯಿಸಿದ್ದಾರೆ, ಹಾಗಾಗಿ ಈ ತಪ್ಪು ಮಾಡಲು ಹೋದರೂ ಕೂರುವುದಿಲ್ಲ. ಒಳ್ಳೇದೇ ಮಾಡಿದರು.

ಇಷ್ಟೆಲ್ಲ ಬೈದ ಮೇಲೆ ಅದರ ಒಳ್ಳೆಯದನ್ನೂ ಹೇಳಬೇಕಲ್ಲ. 2022ರ ಮಳೆಗಾಲದಲ್ಲಿ ಒಂದು ದೊಡ್ಡ ಪಂಪ್ ಕೇಸಿಂಗ್ ಬಂತು. ಗೋಡೆ ತೆಳ್ಳಗೆ, ಫ್ಲ್ಯಾಂಜ್ ದಪ್ಪ. ತೆಳ್ಳಗಿನ ಗೋಡೆ ಸರಿಯಾಗಿ ಕಾಣಬೇಕಾದರೆ ಮೆಶ್ ಸಣ್ಣದಾಗಬೇಕು. ಮೆಶ್ ಸಣ್ಣದಾದಷ್ಟೂ ಮೆಮೊರಿ ನುಂಗುತ್ತದೆ. ಘನದ ಅಂಚನ್ನು ಅರ್ಧ ಮಾಡಿದರೆ ಘನಗಳ ಲೆಕ್ಕ ಎಂಟು ಪಟ್ಟು. ಆ ಫೈಲ್ 90 ಜಿಬಿ ಹತ್ತಿರ ಹೋಯಿತು. 32 ಜಿಬಿಯ ಯಾವ ಡೆಸ್ಕ್‌ಟಾಪೂ ಅದನ್ನು ತೆರೆಯುತ್ತಿರಲಿಲ್ಲ. ಈ ಹಳೇ ಜಿಯಾನ್ ಎರಡು ರಾತ್ರಿ ಒಂದು ಹಗಲು ಒಂದೇ ಸಮ ಓಡಿ ಉತ್ತರ ಕೊಟ್ಟಿತು. ಇಡೀ ಮಳೆಗಾಲ ಒಂದು ಸಲವೂ ನಡುವೆ ನಿಲ್ಲಲಿಲ್ಲ.

ಅದಕ್ಕೆ ಒಂದು ಕಾರಣ ಇಸಿಸಿ ಮೆಮೊರಿ ಎಂದು ನನ್ನ ನಂಬಿಕೆ. 64 ಬಿಟ್ ಡೇಟಾ ಜೊತೆಗೆ 8 ಬಿಟ್ ತಾಳೆ ನೋಡಲು. ಒಂದು ಬಿಟ್ ತಿರುಗಿಬಿದ್ದರೆ ತಾನೇ ಸರಿಮಾಡಿಕೊಳ್ಳುತ್ತದೆ. ಎರಡು ಬಿದ್ದರೆ ಸರಿಮಾಡಲು ಆಗದಿದ್ದರೂ ತಪ್ಪಾಗಿದೆ ಎಂದು ಕೂಗುತ್ತದೆ. ಸಾಧಾರಣ ಮೆಮೊರಿಯಲ್ಲಿ ಈ ಕಾವಲು ಇಲ್ಲ. ಸಿನಿಮಾ ನೋಡುವಾಗ ಒಂದು ಬಿಟ್ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. 30 ಗಂಟೆ ಓಡುವ ಲೆಕ್ಕದಲ್ಲಿ ತಪ್ಪಿದರೆ ಫೈಲ್ ಕೆಡಬಹುದು. ಅದಕ್ಕಿಂತ ಕೆಟ್ಟದ್ದು, ಕೆಡದೇ ತಪ್ಪು ಉತ್ತರ ಬರಬಹುದು. ಆ ಉತ್ತರ ನಂಬಿ ಕಾಕಾ ಒಂದು ಹೀಟ್, ಅಂದರೆ ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದಷ್ಟು ಲೋಹ ಹೊಯ್ದರೆ?

ಎರಡನೇ ಸಲ ಯೋಚಿಸಿದ್ದು 2023ರ ಕೊನೆಗೆ. ಈ ಸಲ ರೇಟು ಪಟ್ಟಿ ತೆಗೆಯುವ ಮೊದಲು ಒಂದು 200 ಪುಟದ ನೋಟ್‌ಬುಕ್ ತಂದೆ. ಒಂದು ತಿಂಗಳು, ನಾವು ಮೂವರೂ, ಕಂಪ್ಯೂಟರ್‌ಗಾಗಿ ಕಾದಾಗಲೆಲ್ಲ ಬರೆಯಬೇಕು. ಏನು ಮಾಡುವಾಗ ಕಾದೆ, ಎಷ್ಟು ಹೊತ್ತು, ಆಗ ಎಷ್ಟು ಕೋರ್ ಓಡುತ್ತಿದ್ದವು, ಮೆಮೊರಿ ಎಷ್ಟು ತುಂಬಿತ್ತು. ಮೊದಲ ವಾರ ಹುಡುಗ ಮರೆಯುತ್ತಿದ್ದ. ಚಹಾದ ದುಡ್ಡು ಅವನ ತಲೆಗೆ ಹಾಕುತ್ತೇನೆ ಎಂದ ಮೇಲೆ ಸರಿಹೋದ.

ತಿಂಗಳ ಕೊನೆಗೆ ಕೂಡಿಸಿದಾಗ ಕಂಡದ್ದು ಇಷ್ಟು. ಹಗಲು ಕಾದದ್ದೆಲ್ಲ ಒಂದು ಕೋರ್‌ನ ಕೆಲಸ. ಕ್ಯಾಡ್ ರೀಬಿಲ್ಡ್, ಫೈಲ್ ತೆರೆಯುವುದು, ಡ್ರಾಯಿಂಗ್ ಮಾಡುವುದು. ರಾತ್ರಿ ಕಾದದ್ದೆಲ್ಲ 8 ಕೋರ್‌ನ ಕೆಲಸ. ಎಂಟಕ್ಕಿಂತ ಜಾಸ್ತಿ ಕೋರ್ ಓಡಿದ ಒಂದೇ ಒಂದು ಸಾಲೂ ಆ ನೋಟ್‌ಬುಕ್‌ನಲ್ಲಿ ಇರಲಿಲ್ಲ. ಮೆಮೊರಿ 64 ಜಿಬಿ ದಾಟಿದ್ದು ಎರಡೇ ಸಲ.

ಆಗ ನನ್ನ ಮುಂದೆ ಇದ್ದದ್ದು ಎರಡು. ಡೆಸ್ಕ್‌ಟಾಪ್ ಕಡೆಯಿಂದ ಎಎಂಡಿ ರೈಜನ್ 9 7950ಎಕ್ಸ್. ಸರ್ವರ್ ಕಡೆಯಿಂದ ಅದೇ ಕಂಪನಿಯ ಎಪಿಕ್ 7313. ಎರಡಕ್ಕೂ 16 ಕೋರ್. ಅದಕ್ಕೇ ಇವೆರಡನ್ನು ಎದುರು ಬದುರು ಇಟ್ಟರೆ ಸರ್ವರ್ ಚಿಪ್‌ನಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಚೆನ್ನಾಗಿ ಕಾಣುತ್ತದೆ. ರೈಜನ್ 4.5ರಿಂದ ಶುರುವಾಗಿ 5.7 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಎಪಿಕ್ 3.0ರಿಂದ 3.7. ಓಟದಲ್ಲಿ ರೈಜನ್‌ಗೆ ಸಾಟಿ ಇಲ್ಲ. ಆದರೆ ಮೆಮೊರಿಗೆ ಹೋಗುವ ದಾರಿ ರೈಜನ್‌ಗೆ ಎರಡೇ, ಎಪಿಕ್‌ಗೆ ಎಂಟು. ಲೆಕ್ಕ ಹಾಕಿದರೆ ರೈಜನ್ ಡಿಡಿಆರ್5 5200 ಮೆಮೊರಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 83 ಜಿಬಿ ಎಳೆಯಬಹುದು. ಎಪಿಕ್ ನಿಧಾನದ ಡಿಡಿಆರ್4 3200 ಇಟ್ಟುಕೊಂಡೂ 204 ಜಿಬಿ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಲು ಬೇಕಾದ ಪಿಸಿಐಇ ಲೇನ್ ರೈಜನ್‌ನಲ್ಲಿ ನಮಗೆ ಸಿಗುವುದು 24, ಎಪಿಕ್‌ನಲ್ಲಿ 128.

ಎರಕದ ಸಿಮ್ಯುಲೇಷನ್‌ಗೆ ಮೆಮೊರಿ ದಾರಿ ಬಹಳ ಮುಖ್ಯ. ಪ್ರತಿ ಹೆಜ್ಜೆಗೂ ಲಕ್ಷಗಟ್ಟಲೆ ಘನಗಳ ಉಷ್ಣತೆ ತರಬೇಕು, ಸ್ವಲ್ಪ ಲೆಕ್ಕ ಮಾಡಬೇಕು, ಮತ್ತೆ ಇಡಬೇಕು. ಲೆಕ್ಕಕ್ಕಿಂತ ಹೊತ್ತು ತರುವುದೇ ಜಾಸ್ತಿ. ಹಾಗಾದರೆ ಎಪಿಕ್ ಗೆಲ್ಲಬೇಕಲ್ವಾ? ಕಾಗದದ ಮೇಲೆ ಹೌದು. ನಾನು ಈ ಸಲ ಕಾಗದ ನಂಬಲಿಲ್ಲ. ಅದೇ ಗೇರ್‌ಬಾಕ್ಸ್ ಫೈಲ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೊರಟೆ.

ಸಾಫ್ಟ್‌ವೇರ್‌ನವರನ್ನು ಕೇಳಿ ಹದಿನೈದು ದಿನದ ಟ್ರಯಲ್ ಲೈಸೆನ್ಸ್ ತಗೊಂಡೆ, ಕೋರ್ ಮಿತಿ ಇಲ್ಲದ್ದು. ಬೆಂಗಳೂರಿನಲ್ಲಿ ಕಾಲೇಜಿನ ಗೆಳೆಯನ ಆಫೀಸಿನಲ್ಲಿ ಎಪಿಕ್ 7313 ಇತ್ತು. ಶನಿವಾರ ರಾತ್ರಿ ಅಲ್ಲಿ ಓಡಿಸಿದೆ. ರೈಜನ್ ಸಿಕ್ಕಿದ್ದು ನಮ್ಮ ಬೆಳಗಾವಿಯ ಶಹಾಪುರದಲ್ಲೇ, ಮದುವೆ ವಿಡಿಯೊ ಎಡಿಟ್ ಮಾಡುವವರ ಹತ್ತಿರ. ಸೀಸನ್ ಇಲ್ಲದ ವಾರ. ಎರಡು ರಾತ್ರಿಗೆ ಬಾಡಿಗೆ ಅಂದರೆ ಒಂದು ಕಿಲೋ ಕುಂದಾ.

16 ಕೋರ್ ಕೊಟ್ಟಾಗ ಎಪಿಕ್ 3 ಗಂಟೆಗೆ ಮುಗಿಸಿತು, ರೈಜನ್ ಮೂರೂವರೆ. ಓಟದಲ್ಲಿ ಅಷ್ಟು ಹಿಂದಿದ್ದ ಸರ್ವರ್ ಚಿಪ್ ಮೆಮೊರಿ ದಾರಿಯ ಬಲದಿಂದ ಮುಂದೆ ಬಂತು. 8 ಕೋರ್‌ಗೆ ಇಳಿಸಿದಾಗ ಮಾತ್ರ ಆಟ ತಿರುಗಿತು. ರೈಜನ್ 4 ಗಂಟೆ 20 ನಿಮಿಷ, ಎಪಿಕ್ 5 ಗಂಟೆ. ಎಂಟೇ ಕೋರ್ ಎಳೆಯುವಾಗ ರೈಜನ್‌ನ ಎರಡು ದಾರಿಗಳಿಗೆ ಅಷ್ಟು ನೂಕುನುಗ್ಗಲು ಆಗುವುದಿಲ್ಲ. ಅಲ್ಲಿ ಕೋರ್‌ನ ಚುರುಕೇ ಗೆಲ್ಲುತ್ತದೆ. ನಮ್ಮ ಹಳೇ ಜೋಡಿ ಜಿಯಾನ್ ಅದೇ ಫೈಲ್‌ಗೆ 9 ಗಂಟೆ ಚಿಲ್ಲರೆ ತಗೋತಿತ್ತು, ನೆನಪಿರಲಿ.

ಅಂದರೆ ನಮ್ಮ ಮಟ್ಟಿಗೆ ತೀರ್ಮಾನ ಮಾಡಿದ್ದು ಪ್ರೊಸೆಸರ್ ಅಲ್ಲವೇ ಅಲ್ಲ. ಲೈಸೆನ್ಸ್. 16 ಕೋರ್ ಲೈಸೆನ್ಸ್ ನಮ್ಮ ಹತ್ತಿರ ಇದ್ದಿದ್ದರೆ ಎಪಿಕ್ ಕಡೆಗೆ ವಾಲುತ್ತಿದ್ದೆನೋ ಏನೋ. ಆದರೆ ಲೈಸೆನ್ಸ್ ಏರಿಕೆ, ಎಪಿಕ್‌ನ ಬೋರ್ಡ್, ಎಂಟು ಕಡ್ಡಿ ಮೆಮೊರಿ ಎಲ್ಲ ಸೇರಿಸಿದರೆ ಒಂದು ಸೆಕೆಂಡ್‌ಹ್ಯಾಂಡ್ ಕಾರು ಬರುತ್ತಿತ್ತು. ಅಷ್ಟೆಲ್ಲ ಕೊಟ್ಟರೂ ಹಗಲು ಕ್ಯಾಡ್ ಮಾಡುವ ಹುಡುಗ ಎದ್ದು ಹಳೇ ಮಷಿನ್ ಕಡೆಗೇ ಹೋಗುತ್ತಿದ್ದ.

2024ರ ಜನವರಿಯಲ್ಲಿ ರೈಜನ್ ಕಟ್ಟಿಸಿದೆವು. ಗ್ರಾಫಿಕ್ಸ್ ಕಾರ್ಡ್ ಹಳೇದನ್ನೇ ಇಟ್ಟುಕೊಂಡು ಒಂದೂವರೆ ಲಕ್ಷದ ಮೇಲೆ ಬಿತ್ತು. ಅದರಲ್ಲಿ ನಾನು ಹಟ ಹಿಡಿದದ್ದು ಇಸಿಸಿ ಮೆಮೊರಿಗೆ. ಡಿಡಿಆರ್5ರಲ್ಲಿ ಇಸಿಸಿ ಒಳಗೇ ಬರುತ್ತದೆ ಎಂದು ಅಂಗಡಿಯವರು ಹೇಳಿದರು. ಅದು ಅರ್ಧ ಸತ್ಯ. ಪ್ರತಿ ಡಿಡಿಆರ್5 ಚಿಪ್ ತನ್ನೊಳಗಿನ ತಪ್ಪನ್ನು ತಾನು ನೋಡಿಕೊಳ್ಳುತ್ತದೆ, ಸರಿ. ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಆದ ತಪ್ಪಿಗೆ ಅದು ಜವಾಬ್ದಾರಿ ಅಲ್ಲ, ತಪ್ಪಾಗಿದೆ ಎಂದು ನಮಗೆ ಹೇಳುವುದೂ ಇಲ್ಲ. ಪೂರ್ತಿ ಕಾವಲು ಬೇಕಾದರೆ ಇಸಿಸಿ ಎಂದೇ ಬರೆದ ಕಡ್ಡಿ ಬೇಕು. ರಿಜಿಸ್ಟರ್ಡ್ ಆಗಿರಬಾರದು. ಜೊತೆಗೆ ಬೋರ್ಡ್ ಅದನ್ನು ಒಪ್ಪಬೇಕು. ರೈಜನ್ ಪ್ರೊಸೆಸರ್ ಒಪ್ಪುತ್ತದೆ, ಎಲ್ಲ ಬೋರ್ಡ್ ಒಪ್ಪುವುದಿಲ್ಲ. ಬೋರ್ಡ್ ತಯಾರಿಸಿದವರ ಪಟ್ಟಿ ನೋಡಿ ಆರಿಸಿದೆ. ಕಡ್ಡಿ ಊರಲ್ಲಿ ಸಿಗಲಿಲ್ಲ, ಹೊರಗಿಂದ ಬರಲು ಮೂರು ವಾರ ಆಯಿತು. ಹಾಕಿದ ಮೇಲೂ ಸುಮ್ಮನೆ ನಂಬಲಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿ, ಇಸಿಸಿ ನಿಜಕ್ಕೂ ನಡೆಯುತ್ತಿದೆ ಎಂಬ ಸಾಲು ಕರ್ನಲ್ ಸಂದೇಶಗಳಲ್ಲಿ ಬಂದ ಮೇಲೇ ವಿಂಡೋಸ್ ಹಾಕಿದ್ದು.

32 ಜಿಬಿಯ ಎರಡು ಕಡ್ಡಿ ಸಾಕೆಂದೆ. ಪಾರ್ಟ್ನರ್ ನಾಲ್ಕೂ ಜಾಗ ತುಂಬಿಸೋಣ ಎಂದರು. ಇಲ್ಲಿ ಡೆಸ್ಕ್‌ಟಾಪ್ ಚಿಪ್‌ನ ಇನ್ನೊಂದು ಮಿತಿ ಇದೆ. ಈ ರೈಜನ್‌ಗೆ ಎರಡು ಕಡ್ಡಿ ಹಾಕಿದರೆ ಮೆಮೊರಿ 5200ರಲ್ಲಿ ಓಡುತ್ತದೆ. ನಾಲ್ಕು ಹಾಕಿದರೆ ಕಂಪನಿಯೇ ಹೇಳುವ ವೇಗ 3600. ಜಾಗ ತುಂಬಿದಷ್ಟೂ ದಾರಿ ಕಿರಿದಾಗುತ್ತದೆ. ಸರ್ವರ್‌ನಲ್ಲಾದರೆ ಎಂಟು ದಾರಿ, ಜೊತೆಗೆ ರಿಜಿಸ್ಟರ್ ಚಿಪ್ ಇರುವುದರಿಂದ ಎಂಟೂ ಜಾಗ ತುಂಬಿಸಿದರೂ ಅದಕ್ಕೆ ಭಾರ ಅನ್ನಿಸುವುದಿಲ್ಲ. ನಮಗೆ 64 ದಾಟಿದ್ದು ತಿಂಗಳಲ್ಲಿ ಎರಡು ಸಲ ತಾನೇ, ಅಂಥ ಫೈಲ್ ಬಂದರೆ ಹಳೇ ಜಿಯಾನ್ ಇದೆಯಲ್ಲ ಎಂದೆ. ಪಾರ್ಟ್ನರ್ ಒಪ್ಪಿದರು. ಮುಖ ಪೂರ್ತಿ ಒಪ್ಪಿರಲಿಲ್ಲ.

ಬಿಸಿಯ ಮಾತು. 7950ಎಕ್ಸ್ ಪೆಟ್ಟಿಗೆ ಮೇಲೆ 170 ವ್ಯಾಟ್ ಎಂದಿದ್ದರೂ ಬಿಟ್ಟರೆ 230ರವರೆಗೆ ಎಳೆಯುತ್ತದೆ. 95 ಡಿಗ್ರಿ ಮುಟ್ಟುವವರೆಗೂ ಓಡುವುದೇ ಅದರ ಸ್ವಭಾವ. ನಮ್ಮ ಬೆಳಗಾವಿಗೆ ಎಸಿ ಬೇಡ ಅನ್ನುವವರು ಏಪ್ರಿಲ್‌ನಲ್ಲಿ ಶೀಟಿನ ಕೆಳಗಿನ ನಮ್ಮ ಕೋಣೆಗೆ ಬರಬೇಕು. ಬಯಾಸ್‌ನಲ್ಲಿ ಇಕೋ ಮೋಡ್ ಹಾಕಿ 105 ವ್ಯಾಟ್‌ನ ಮಟ್ಟಕ್ಕೆ ಇಳಿಸಿದೆ. ಗೇರ್‌ಬಾಕ್ಸ್ ಫೈಲ್ ಹತ್ತು ನಿಮಿಷವೂ ಜಾಸ್ತಿ ತಗೊಳ್ಳಲಿಲ್ಲ. ಕೋಣೆ ಮಾತ್ರ ತಣ್ಣಗಾಯಿತು. ಹಳೇ ಜಿಯಾನ್‌ಗೆ ಪ್ಲಗ್ ಮೀಟರ್ ಹಾಕಿ ನೋಡಿದ್ದೆ, ಏನೂ ಕೆಲಸ ಇಲ್ಲದೇ ಕೂತಾಗಲೂ 120 ವ್ಯಾಟ್ ಹತ್ತಿರ. ದಿನವಿಡೀ ಹಚ್ಚಿಟ್ಟರೆ ತಿಂಗಳಿಗೆ 86 ಯೂನಿಟ್, ಅದೂ ಸುಮ್ನೆ ಕೂತದ್ದಕ್ಕೆ.

ಯುಪಿಎಸ್ ಕೊಳ್ಳುವಾಗ ವಿಎ ನೋಡಿ ಮೋಸ ಹೋಗಬೇಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಜೋಡಿ ಜಿಯಾನ್‌ಗೆ ಅದು ಸಾಲಲೇ ಇಲ್ಲ, ಕರೆಂಟ್ ಹೋದ ಕೂಡಲೇ ಕೀಂವ್ ಎಂದು ಕೂಗಿ ಅದೂ ಮಲಗುತ್ತಿತ್ತು. ರೈಜನ್ ಇಕೋ ಮೋಡ್‌ನಲ್ಲಿ ಅದರ ಮೇಲೇ ಓಡಿತು.

ಗಂಟೆಯ ಲೆಕ್ಕಕ್ಕಿಂತ ನಮಗೆ ಆದ ದೊಡ್ಡ ಲಾಭ ಬೇರೆ. ಮೊದಲು ರಾತ್ರಿ 9ಕ್ಕೆ ಬಿಟ್ಟರೆ ಬೆಳಗ್ಗೆ 6ಕ್ಕೆ ಒಂದು ಉತ್ತರ. ರೈಸರ್ ಸಣ್ಣದಾಗಿದೆ ಎಂದು ತಿಳಿದರೆ ಇನ್ನೊಂದು ರಾತ್ರಿ. ಈಗ ಎರಡು ಬೇರೆ ಬೇರೆ ರೈಸರ್ ಸಾಲಾಗಿ ಹಚ್ಚಿಟ್ಟು ಹೋಗುತ್ತೇನೆ. ಬೆಳಗ್ಗೆ ಬಂದಾಗ ಎರಡೂ ಮುಗಿದಿರುತ್ತವೆ. ಕೆಳಗಿನ ಪ್ಯಾಟರ್ನ್ ಶಾಪ್‌ನವರು ಮರ ಹಿಡಿಯುವ ಮೊದಲೇ ಆರಿಸಿಕೊಡಬಹುದು.

ಹಾಗೆಂದು ಎಲ್ಲರಿಗೂ ಡೆಸ್ಕ್‌ಟಾಪ್ ತಗೋರಿ ಎಂದು ನಾನು ಹೇಳುವುದಿಲ್ಲ. ಕಳೆದ ವರ್ಷ ವಿಜಯಪುರದಿಂದ ಒಬ್ಬ ಗೆಳೆಯ ಫೋನ್ ಮಾಡಿದ. ಒಂದು ಸ್ಕ್ಯಾನಿಂಗ್ ಸೆಂಟರ್‌ನ ಚಿತ್ರಗಳನ್ನೆಲ್ಲ ಇಡುವ ಯಂತ್ರ ಅವನು ನೋಡಿಕೊಳ್ಳಬೇಕು. ನಿನ್ನಂತೆ ರೈಜನ್ ಹಾಕಲಾ ಎಂದ. ಒಂದೇ ಸಲ ಎಷ್ಟು ಜನ ಅದನ್ನು ಬಳಸುತ್ತಾರೆ ಎಂದು ಕೇಳಿದೆ. ಇಪ್ಪತ್ತು. ಡಿಸ್ಕ್ ಎಷ್ಟು? ಹನ್ನೆರಡು, ಮುಂದೆ ಇನ್ನೂ. ರಾತ್ರಿ ಎರಡಕ್ಕೆ ನಿಂತರೆ? ಅವನ ಮನೆಯಿಂದ ಆ ಸೆಂಟರ್ 40 ಕಿಲೋಮೀಟರ್. ಅವನಿಗೆ ಚುರುಕು ಕೋರ್ ಏನಕ್ಕೂ ಬೇಡ. ಲೇನ್ ಬೇಕು, ಮೆಮೊರಿ ಜಾಗ ಬೇಕು. ಸರ್ವರ್ ಬೋರ್ಡ್‌ನಲ್ಲಿ ಬಿಎಂಸಿ ಎಂಬ ಪುಟ್ಟ ಬೇರೆ ಕಂಪ್ಯೂಟರ್ ಇರುತ್ತದಲ್ಲ, ಮುಖ್ಯವಾಗಿ ಅದು ಬೇಕು. ಮುಖ್ಯ ಯಂತ್ರ ಸತ್ತು ಬಿದ್ದಿದ್ದರೂ ಮನೆಯಿಂದಲೇ ಅದರ ಸ್ಕ್ರೀನ್ ನೋಡಿ, ಆಫ್ ಮಾಡಿ ಆನ್ ಮಾಡಬಹುದು. ಅವನು ಎಪಿಕ್ ಹಾಕಿಸಿದ.

ಈಗ ಹೆಸರು ನೋಡಿ ತೀರ್ಮಾನ ಮಾಡಿದರೂ ಕಷ್ಟ. ಎಎಂಡಿ 2024ರ ಮೇನಲ್ಲಿ ಎಪಿಕ್ 4004 ಎಂದು ಒಂದು ಸಾಲು ಬಿಟ್ಟಿತು. ಹೆಸರು ಸರ್ವರ್‌ನದು. ಕೂರುವುದು ನಮ್ಮ ರೈಜನ್ ಕೂರುವ ಎಎಂ5 ಸಾಕೆಟ್‌ನಲ್ಲೇ. ಅದರ ದೊಡ್ಡ ಚಿಪ್ 4564ಪಿಗೆ 16 ಕೋರ್, 5.7 ಗಿಗಾಹರ್ಟ್ಸ್, 170 ವ್ಯಾಟ್. ಎಲ್ಲೋ ನೋಡಿದ ಅಂಕಿ ಅನ್ನಿಸುತ್ತದೆ ಅಲ್ವಾ? ಮೆಮೊರಿ ದಾರಿಯೂ ಎರಡೇ. ಪೆಟ್ಟಿಗೆ ಮೇಲೆ ಎಪಿಕ್ ಎಂದು ಕಂಡು ಎಂಟು ದಾರಿ ಸಿಗುತ್ತವೆ ಎಂದು ತಂದರೆ ನನ್ನ ಹಾಗೆಯೇ ಟಾಸ್ಕ್ ಮ್ಯಾನೇಜರ್ ಎದುರು ಕೂರಬೇಕಾಗುತ್ತದೆ.

ಹಳೇ ಜಿಯಾನ್ ಇನ್ನೂ ಇದೆ. ಅದಕ್ಕೆ ವಿಂಡೋಸ್ 11 ಹಾಕಲು ಮೈಕ್ರೋಸಾಫ್ಟ್ ಒಪ್ಪುವುದಿಲ್ಲ, ಚಿಪ್ ಹಳೇದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಆ ವಾರವೇ ಅದರಲ್ಲಿ ಲಿನಕ್ಸ್ ಹಾಕಿ, ಎರಡನೇ ಪ್ರೊಸೆಸರ್ ಬಿಚ್ಚಿಟ್ಟು, ಎಲ್ಲ ಹಳೇ ಕೆಲಸಗಳ ಬ್ಯಾಕಪ್ ಇಡುವ ಯಂತ್ರ ಮಾಡಿದೆ. ದೊಡ್ಡ ಫೈಲ್ ಬಂದರೆ ಏನು ಗತಿ ಎಂದು ಪಾರ್ಟ್ನರ್ ಕೇಳಿದರು. ಬಂದಾಗ ನೋಡೋಣ ಎಂದೆ. ಮೊನ್ನೆ ಬಂತು, 80 ಜಿಬಿ ಕೇಳುವ ಒಂದು ವಾಲ್ವ್ ಬಾಡಿ. ಪಾರ್ಟ್ನರ್ ಏನೂ ಮಾತಾಡದೇ ಎದ್ದು, ಇನ್ನೆರಡು ಇಸಿಸಿ ಕಡ್ಡಿಗೆ ಆರ್ಡರ್ ಹಾಕಿ ಬಂದು ಕೂತರು.

ಬಿಚ್ಚಿಟ್ಟ ಪ್ರೊಸೆಸರ್ ನನ್ನ ಮೇಜಿನ ಮೇಲೆ ಪೇಪರ್‌ವೇಟ್ ಆಗಿದೆ. ಕಾಕಾ ಅದನ್ನು ಎತ್ತಿ ತೂಗಿ ನೋಡಿದರು. "ಇದ್ರಾಗೂ ಹದಿನಾಕ್ ಕೋರ್ ಅದಾವೇನು ತಮ್ಮಾ?" "ಹೂನ್ರಿ ಕಾಕಾ." "ಒಡ್ದು ಹೊರಗ ತಗದೇನು, ಇನ್ನೂ ಒಳಗ ಅದಾವು?"